ಎದ್ದು ನಿಂತ ಕೋಳಿ

"ಕೂತ್ಕೋ ಅಂದ್ನಲ್ಲ, ಕೂತ್ಕೋ."

ಸೀಟಿ ಎರಡೂ ಅಂಗೈಗಳನ್ನು ಜರತಾರಿಯ ಬೆನ್ನ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಕೋಳಿ ಕಾಲು ಮಡಚಿ ಕೂತಿತು. ಕೈ ತೆಗೆದದ್ದೇ ತಡ, ಮತ್ತೆ ಎದ್ದಿತು. ರೆಕ್ಕೆಗಳನ್ನು ಮೈಯಿಂದ ಅಷ್ಟು ದೂರ ಹಿಡಿದು, ಕೊಕ್ಕು ತೆರೆದುಕೊಂಡು, ಮೊಟ್ಟೆಗಳ ಮೇಲೆ ಸುಮ್ಮನೆ ನಿಂತುಬಿಟ್ಟಿತು.

"ಅದಕ್ಕೆ ಕಾಲು ನೋವೇನೋ," ಅಂದ ಚೋಟು.

"ಕಾಲು ನೋವಾದ್ರೆ ಕೂತ್ಕೋತಾರೆ ಕಣೋ. ನಿಂತ್ಕೋತಾರಾ?"

ಚೋಟು ಯೋಚಿಸಿದ. ಅಕ್ಕನ ಮಾತು ಸರಿ ಅನ್ನಿಸಿತು. ಅವನು ಒಂದನೇ ಕ್ಲಾಸು. ಅಕ್ಕ ಐದನೇ ಕ್ಲಾಸು. ಅವಳ ಮಾತು ಸರಿ ಇರಲೇಬೇಕು.

ಸೀಟಿ ಅನ್ನುವುದು ಅವಳ ಸ್ಕೂಲಿನ ಹೆಸರಲ್ಲ. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇತ್ತು. ಅದರಿಂದ ಅವಳು ಸೀಟಿ ಹೊಡೆದರೆ ಹಿತ್ತಲಿನ ಯಾವ ಮೂಲೆಯಲ್ಲಿದ್ದರೂ ಕೋಳಿಗಳು ಬಿದ್ದೆನೋ ಎದ್ದೆನೋ ಅಂತ ಓಡಿಬರುತ್ತಿದ್ದವು. ಹಾಗಾಗಿ ಮೊದಲು ಬೀದಿಯ ಮಕ್ಕಳು, ಆಮೇಲೆ ಅಮ್ಮ, ಕೊನೆಗೆ ಅಪ್ಪನೂ ಅವಳನ್ನು ಸೀಟಿ ಅಂತಲೇ ಕರೆಯತೊಡಗಿದರು.

ಆದರೆ ಈಗ ಓಡಿಬರಲು ಇದ್ದ ಕೋಳಿಗಳು ಎರಡೇ. ಒಂದು ಜರತಾರಿ. ಅದರ ಕುತ್ತಿಗೆಯ ಗರಿಗಳ ಅಂಚು ಚಿನ್ನದ ದಾರದಲ್ಲಿ ಹೊಲಿದಂತೆ ಹೊಳೆಯುತ್ತಿತ್ತು. ಇನ್ನೊಂದು ಹುಂಜ, ಅದರ ಹೆಸರು ಅಲಾರಂ. ಬೆಳಗಿನ ಹೊತ್ತೊಂದು ಬಿಟ್ಟು ಬೇರೆ ಯಾವಾಗ ಬೇಕಾದರೂ ಅದು ಕೂಗುತ್ತಿತ್ತು.

ಉಳಿದವೆಲ್ಲ ಹೋದ ಬೇಸಿಗೆಯಲ್ಲೇ ಸತ್ತಿದ್ದವು. ರೋಗ ಬಂದಿರಲಿಲ್ಲ, ನಾಯಿಯೂ ಹಿಡಿದಿರಲಿಲ್ಲ. ಬಿಸಿಲು, ಅಷ್ಟೇ. ಒಂದೇ ಮಧ್ಯಾಹ್ನ, ಬಾಯಿ ಬಿಟ್ಟುಕೊಂಡು, ಒಂದೊಂದಾಗಿ ಕುಸಿದು ಬಿದ್ದವು. ಅಪ್ಪ ಗೋಡೆಯ ಪಕ್ಕ ಗುಂಡಿ ತೋಡಿ ಎಲ್ಲವನ್ನೂ ಹೂತುಬಂದಿದ್ದ.

ಈ ಸಲ ಬಿಸಿಲು ಅದಕ್ಕಿಂತ ಜಾಸ್ತಿ. ಸ್ಕೂಲನ್ನು ಬೆಳಗಿನ ಹೊತ್ತಿಗೆ ಮಾಡಿದ್ದರು. ಮನೆಗೆ ಬರುವಷ್ಟರಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಲ್ಲಿ ತಿರುಗಿಸಿದರೆ ಕಾಸಿಟ್ಟಂಥ ನೀರು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬರಿಗೈ ಇಡುವಂತಿರಲಿಲ್ಲ.

ಜರತಾರಿ ಕಾವಿಗೆ ಕೂತಾಗ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. "ಈ ಸಲ ಮರಿ ಆದ್ರೆ ಸರಿ. ಇಲ್ಲಾಂದ್ರೆ ಗೂಡು ಬಿಚ್ಚಿಹಾಕ್ತೀನಿ. ಇವೆರಡನ್ನೂ ಅತ್ತೆ ಮನೆಗೆ ಕೊಟ್ಟುಬಿಡೋಣ. ಈ ಬಿಸ್ಲಲ್ಲಿ ಕೋಳಿ ಸಾಕೋದು ನಮ್ಮ ಕೈಲಾಗೋ ಕೆಲಸ ಅಲ್ಲ ಕಣಮ್ಮ."

ಅಪ್ಪ ವೆಲ್ಡರ್. ಕಿಟಕಿಗೆ ಗ್ರಿಲ್, ಗೇಟು, ಮೆಟ್ಟಿಲಿನ ಕಂಬಿ, ಎಲ್ಲ ಮಾಡುತ್ತಿದ್ದ. ಗೂಡನ್ನೂ ಅವನೇ ಮಾಡಿದ್ದು, ಉಳಿದ ಗ್ರಿಲ್ ತುಂಡುಗಳಿಂದ. ಒಂದು ಕಡೆ ಹೂವಿನ ಗ್ರಿಲ್, ಇನ್ನೊಂದು ಕಡೆ ಬರೀ ಗೀಟಿನ ಗ್ರಿಲ್, ಮೇಲೆ ತಗಡು. ಒಳಗೆ ಮೊಟ್ಟೆಗೆಂದು ಹಳೆಯ ಲಾರಿ ಟೈರು. ಅದರಲ್ಲಿ ಮರಳು ತುಂಬಿ, ಒಣ ಹುಲ್ಲು ಹಾಸಿತ್ತು. ಹೊಸದಾಗಿ ಒಂದು ದೊಡ್ಡ ಆರ್ಡರ್ ಬಂದಿತ್ತು. ಪೈಪುಗಳನ್ನು ಇಡಲು ಅಪ್ಪನಿಗೆ ಗೂಡಿನ ಜಾಗ ಬೇಕಿತ್ತು.

ಅತ್ತೆಯ ಮನೆಗೆ ಒಂದು ದಿನದ ಬಸ್ ಪ್ರಯಾಣ. ಅಲ್ಲಿಗೆ ಸೀಟಿ ಕೇಳಿಸುವುದಿಲ್ಲ.

ಅಷ್ಟರಲ್ಲಿ ವಿಜ್ಞಾನದ ಮಿಸ್ ಮೊಟ್ಟೆಯ ಪಾಠ ಮಾಡಿದರು. ಬೋರ್ಡಿನ ಮೇಲೆ ದೊಡ್ಡ ಮೊಟ್ಟೆ ಬರೆದು, ಒಳಗೆ ಮುದುಡಿಕೊಂಡ ಮರಿ ಬರೆದು, ಮೊಟ್ಟೆಗೆ ಕಾವು ತಪ್ಪಬಾರದು, ತಪ್ಪಿದರೆ ಮರಿ ಒಳಗೇ ಸತ್ತುಹೋಗುತ್ತದೆ ಅಂದರು. ಪಕ್ಕದಲ್ಲಿ ಕೂತಿದ್ದ ಗೆಳತಿ ಇನ್ನೂ ಒಂದು ಸೇರಿಸಿದಳು. ಕೆಲವು ಕೋಳಿಗಳಿಗೆ ಮೊಟ್ಟೆಯ ಮೇಲೆ ಬೇಜಾರು ಬರುತ್ತದಂತೆ. ಮೊದಲು ಎದ್ದು ನಿಲ್ಲುತ್ತವಂತೆ, ಆಮೇಲೆ ಎದ್ದು ಹೋಗಿಯೇ ಬಿಡುತ್ತವಂತೆ.

ಅವತ್ತಿನಿಂದ ಸೀಟಿಗೆ ನೆಮ್ಮದಿ ಇಲ್ಲ. ಸ್ಕೂಲಿಂದ ಬಂದವಳೇ ಬ್ಯಾಗ್ ಬಿಸಾಕಿ ಗೂಡಿಗೆ ಓಡುವಳು. ನೋಡಿದರೆ ಜರತಾರಿ ನಿಂತಿರುತ್ತಿತ್ತು. ಬೆಳಿಗ್ಗೆ ಕೂತಿರುತ್ತದೆ, ಸಂಜೆ ಕೂತಿರುತ್ತದೆ, ಮಧ್ಯಾಹ್ನ ಮಾತ್ರ ನಿಂತಿರುತ್ತದೆ. ಇವಳು ಒತ್ತಿ ಕೂರಿಸುವುದು, ಅದು ಏಳುವುದು.

ಇವತ್ತು ಅವಳಿಗೆ ಅಳುವೇ ಬಂತು. ಸುತ್ತ ನೋಡಿದಳು. ಅಪ್ಪ ಬಿಸಾಕಿದ್ದ ಒಂದು ಕಬ್ಬಿಣದ ಜಾಲರಿ ಗೋಡೆಗೆ ಒರಗಿತ್ತು. ಅದನ್ನು ತಂದು, ಜರತಾರಿಯನ್ನು ಒತ್ತಿ ಕೂರಿಸಿ, ಟೈರಿನ ಮೇಲೆ ಮುಚ್ಚಿದಳು. ಜಾಲರಿಯ ಮೇಲೆ ಒಂದು ಇಟ್ಟಿಗೆ ಹೇರಿದಳು.

ಜರತಾರಿ ಏಳಲು ನೋಡಿತು. ತಲೆ ಜಾಲರಿಗೆ ತಾಗಿತು. ಮತ್ತೆ ಕೂತಿತು.

"ಜೈಲು," ಅಂದ ಚೋಟು.

"ಜೈಲಲ್ಲ. ಮರಿ ಬೇಕೋ ಬೇಡ್ವೋ ನಿಂಗೆ?"

ಬೇಕು ಅಂತ ಚೋಟು ತಲೆಯಾಡಿಸಿದ. ಇಬ್ಬರೂ ಒಳಗೆ ಹೋದರು.

ಅಮ್ಮ ಹೊಲಿದಿಟ್ಟ ಯೂನಿಫಾರ್ಮುಗಳನ್ನು ಅಂಗಡಿಗೆ ಕೊಟ್ಟುಬರಲು ಹೊರಟಿದ್ದಳು. ಊಟಕ್ಕಿಟ್ಟು, ಬಿಸಿಲಿಗೆ ಹೋಗಬೇಡಿ, ಜಗಳ ಆಡಬೇಡಿ, ಯಾರು ಬಂದರೂ ಬಾಗಿಲು ತೆಗೆಯಬೇಡಿ ಅಂತ ಒಂದೇ ಉಸಿರಿನಲ್ಲಿ ಹೇಳಿ, ಮನೆಯಲ್ಲಿದ್ದ ಒಂದೇ ಒಂದು ಕೊಡೆ ಬಿಚ್ಚಿಕೊಂಡು ಹೋದಳು. ಸೀಟಿ ಊಟ ಮಾಡಿ ಫ್ಯಾನಿನ ಕೆಳಗೆ ಲೆಕ್ಕದ ಹೋಮ್‌ವರ್ಕ್ ಹರಡಿಕೊಂಡಳು. ಗುಣಾಕಾರ ಮಾಡುತ್ತಾ ಮಾಡುತ್ತಾ ಕಣ್ಣು ಎಳೆಯಿತು.

ಎಚ್ಚರವಾದದ್ದು ನಿಶ್ಶಬ್ದಕ್ಕೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಹಿತ್ತಲಲ್ಲಿ ಅಲಾರಂ ಕೂಗುತ್ತಿತ್ತು. ಅದು ಯಾವಾಗಲೂ ಕೂಗುವುದೇ. ಆದರೆ ಈ ಕೂಗು ಬೇರೆ ಥರ ಇತ್ತು, ಒಡಕು ಒಡಕಾಗಿ, ಬಿಟ್ಟು ಬಿಟ್ಟು.

ಸೀಟಿ ಬರಿಗಾಲಲ್ಲೇ ಓಡಿದಳು. ಅಂಗಾಲು ಚುರ್ರೆಂದರೂ ನಿಲ್ಲಲಿಲ್ಲ.

ಜಾಲರಿಯ ಅಡಿಯಲ್ಲಿ ಜರತಾರಿಯ ಕುತ್ತಿಗೆ ಟೈರಿನ ಒಳ ಅಂಚಿಗೆ ಜೋತುಬಿದ್ದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಕೆಂಪು ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆ ಮಾತ್ರ ಬಡಬಡ ಬಡಿದುಕೊಳ್ಳುತ್ತಿತ್ತು.

ಸೀಟಿ ಮಂಡಿಯೂರಿದಳು. ಇಟ್ಟಿಗೆ ತಳ್ಳಿದಳು. ಕಬ್ಬಿಣದ ಜಾಲರಿ ಕೈ ಸುಟ್ಟಿತು. ಅದನ್ನು ಎತ್ತಿ ಎಸೆದು, ಕೋಳಿಯನ್ನು ಎದೆಗವಚಿಕೊಂಡು ಬಚ್ಚಲಮನೆಗೆ ನುಗ್ಗಿದಳು.

ಹೋದ ವರ್ಷ ಗಾಬರಿಯಲ್ಲಿ ಯಾರೋ ಒಂದು ಕೋಳಿಯ ಮೇಲೆ ಬಕೆಟ್ಟು ತಣ್ಣೀರು ಸುರಿದಿದ್ದರು. ಅದು ಒಮ್ಮೆ ನಡುಗಿ ಮತ್ತೆ ಏಳಲೇ ಇಲ್ಲ. ಅದು ಅವಳಿಗೆ ನೆನಪಿತ್ತು. ಅದಕ್ಕೇ ಸುರಿಯಲಿಲ್ಲ. ಬಕೆಟ್ಟಿನ ತಳದಲ್ಲಿ, ಬೆಳಿಗ್ಗೆ ಹಿಡಿದಿಟ್ಟಿದ್ದ ತಂಪು ನೀರು ಸ್ವಲ್ಪವೇ ಬಿಟ್ಟು, ಜರತಾರಿಯ ಕಾಲುಗಳು ಮಾತ್ರ ಮುಳುಗುವಂತೆ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳು ಅದ್ದಿ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿದಳು.

"ಕುಡಿಯೇ. ಕುಡಿ ನಮ್ಮಮ್ಮ. ಇನ್ನು ಮೇಲೆ ಕೂತ್ಕೋ ಅನ್ನಲ್ಲ."

ಚೋಟು ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಅಮ್ಮನ ಥರ್ಮಾಮೀಟರ್ ಇತ್ತು, ನಂಬರ್ ತೋರಿಸುವಂಥದ್ದು. ಹುಷಾರಿಲ್ಲದವರಿಗೆ ಮೊದಲು ಅದನ್ನು ಇಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಬಾಯಲ್ಲಿಟ್ಟರೆ ಕೋಳಿ ಕಚ್ಚುತ್ತದೆ, ಕಂಕುಳಲ್ಲಿ ಇಡುತ್ತೇನೆ ಅಂದ. ಸೀಟಿ ಗದರಿದಳು. ಅವನು ಮುಖ ಊದಿಸಿಕೊಂಡು ಹಿತ್ತಲಿಗೆ ಹೋದ. ಕೋಳಿಗೆ ಬೇಡವಾದರೆ ಬೇಡ, ಮೊಟ್ಟೆಗಳಾದರೂ ಇವೆಯಲ್ಲ.

ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿಸಿತು. "ಅಕ್ಕಾ, ಮೊಟ್ಟೆಗೆ ಎಚ್ ಬಂತು."

ಸೀಟಿಯ ಕೈ ತಟ್ಟನೆ ನಿಂತಿತು.

ಎಚ್ ಅಂದರೇನು ಅಂತ ಇಬ್ಬರಿಗೂ ಗೊತ್ತಿತ್ತು. ಚೋಟು ಹಿಂದೊಮ್ಮೆ ಅದನ್ನು ಬಿಸಿ ಹಾಲಿಗೆ ಅದ್ದಿದ್ದಾಗ ಹಾಗೇ ಬಂದಿತ್ತು. ಇಷ್ಟು ಬಿಸಿಯನ್ನು ನಾನು ಅಳೆಯಲಾರೆ ಅಂತ ಅದರ ಅರ್ಥ. ಅವತ್ತು ಅವನ ಬೆನ್ನಿಗೂ ಒಂದು ಬಿದ್ದಿತ್ತು, ಹಾಗಾಗಿ ಮರೆಯುವಂತಿರಲಿಲ್ಲ.

ಮೊಟ್ಟೆಗಳ ಮೇಲೆ ಈಗ ಕೋಳಿ ಇಲ್ಲ. ಮುಚ್ಚಳ ಇಲ್ಲ. ಏನೂ ಇಲ್ಲ. ಆದರೂ ಎಚ್.

ಚೋಟುವಿಗೆ ಜ್ವರ ಬಂದ ದಿನ ಸೀಟಿಗೆ ನೆನಪಾಯಿತು. ಚಳಿ ಚಳಿ ಅಂತ ಅವನು ಎರಡು ಕಂಬಳಿ ಹೊದ್ದು ಮಲಗಿದ್ದ. ಅಮ್ಮ ಥರ್ಮಾಮೀಟರ್ ನೋಡಿದವಳೇ ಎರಡನ್ನೂ ಕಿತ್ತು ಪಕ್ಕಕ್ಕೆ ಹಾಕಿ, ಕಿಟಕಿ ತೆಗೆದಿದ್ದಳು. ಇವನು ಗೋಗರೆದರೂ ಕೊಟ್ಟಿರಲಿಲ್ಲ.

ಜರತಾರಿ ಮಾಡುತ್ತಿದ್ದದ್ದೂ ಅದೇ. ಕಂಬಳಿ ತೆಗೆಯುತ್ತಿತ್ತು. ಇವಳು ಮತ್ತೆ ಮತ್ತೆ ಹೊದಿಸುತ್ತಿದ್ದಳು.

ಕಾವು ತಪ್ಪಬಾರದು ಅಂದಿದ್ದರು ಮಿಸ್. ಸುಳ್ಳೇನಲ್ಲ. ಆದರೆ ಈ ಮಧ್ಯಾಹ್ನಗಳಲ್ಲಿ ಕಾವು ಕೊಡಲು ಕೋಳಿಯೇ ಬೇಕಿರಲಿಲ್ಲ. ತಗಡು, ಟೈರು, ಗೋಡೆ, ಇಡೀ ಬೀದಿಯೇ ಆ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು.

ಜರತಾರಿ ಒಮ್ಮೆ ಕಣ್ಣು ಬಿಟ್ಟಿತು. ಬೆರಳ ತುದಿಯ ಹನಿಯನ್ನು ತಾನಾಗಿ ಕುಕ್ಕಿ ಕುಡಿಯಿತು. ಸೀಟಿ ಅದನ್ನು ಬಚ್ಚಲಿನ ತಂಪು ನೆಲದ ಮೇಲೆ ಬಿಟ್ಟು, ಚೋಟುವನ್ನು ಕಾವಲಿಗೆ ಕೂರಿಸಿದಳು. ಮುಟ್ಟಬಾರದು, ಹೆದರಿಸಬಾರದು, ಡಾಕ್ಟರ್ ಆಟ ಆಡಬಾರದು ಅಂತ ಮೂರು ಸಲ ಹೇಳಿ ಗೂಡಿಗೆ ಓಡಿದಳು.

ಆ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ತಗಡಿನ ಅಡಿಯಿಂದ ನುಸುಳಿ, ಹೂವಿನ ಗ್ರಿಲ್ಲಿನ ಸಂದಿಯಲ್ಲಿ ಬಂದು, ನೇರ ಟೈರಿನೊಳಗೆ ಬೀಳುತ್ತಿತ್ತು. ಮೊಟ್ಟೆಗಳ ಮೇಲೆಲ್ಲ ಬಿಸಿಲಿನ ಹೂವುಗಳು.

ಎತ್ತಿಡೋಣ ಅಂದರೆ ಮರಳು ತುಂಬಿದ ಟೈರು ಅಲುಗುವುದಿಲ್ಲ. ಮೊಟ್ಟೆಗಳನ್ನೇ ಬೇರೆ ಕಡೆ ಇಟ್ಟರೆ ಜರತಾರಿ ಒಪ್ಪುವುದಿಲ್ಲ. ಹಿಂದೊಮ್ಮೆ ಹಾಗೆ ಮಾಡಿದ್ದಾಗ ಅದು ಬರೀ ಟೈರಿನಲ್ಲೇ ಹಟ ಹಿಡಿದು ಕೂತಿತ್ತು. ಬಟ್ಟೆ ಮುಚ್ಚಿದರೆ ಅದೂ ಕಂಬಳಿಯೇ ಆಯಿತು. ಕೊಡೆ ಅಮ್ಮನ ಜೊತೆ ಹೋಗಿತ್ತು.

ಸೀಟಿ ಬಿಸಿಲಿಗೆ ಬೆನ್ನು ಕೊಟ್ಟು ಗ್ರಿಲ್ಲಿನ ಹೊರಗೆ ನಿಂತಳು. ಅವಳ ನೆರಳು ಟೈರಿನ ಮೇಲೆ ಬಿತ್ತು. ಅಂಚಿನಲ್ಲಿ ಎರಡು ಮೊಟ್ಟೆಗಳು ಬಿಸಿಲಲ್ಲೇ ಉಳಿದವು. ಅವಳು ಲಂಗವನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದಳು. ಈಗ ಅವೂ ನೆರಳಿಗೆ ಬಂದವು.

ಬೆನ್ನು ಕಾದ ಹಂಚಿನಂತಾಯಿತು. ಬೆವರು ಕಿವಿಯ ಹಿಂದಿನಿಂದ ಇಳಿದು ಗಲ್ಲದಲ್ಲಿ ತೊಟ್ಟಿಕ್ಕಿತು. ಕೂರಬೇಕು ಅನ್ನಿಸಿತು, ಕೂರಲಿಲ್ಲ. ಜರತಾರಿ ದಿನಾ ಹೀಗೇ ನಿಂತಿರುತ್ತಿತ್ತಲ್ಲ, ಮೈತುಂಬ ಗರಿ ಹೊತ್ತುಕೊಂಡು, ಅಂದುಕೊಂಡಳು.

ಗೇಟಿನ ಸದ್ದಾಯಿತು. ಅಪ್ಪ. ಕಬ್ಬಿಣ ಮುಟ್ಟಲಾಗದಷ್ಟು ಕಾದಿದ್ದರಿಂದ ಕೆಲಸ ನಿಲ್ಲಿಸಿ ಬಂದಿದ್ದ. ಹಿತ್ತಲಿಗೆ ಬಂದವನು ಮಗಳನ್ನು ನೋಡಿ ಅಲ್ಲೇ ನಿಂತ.

"ಏನೇ ಇದು? ಬಿಸ್ಲಲ್ಲಿ ಯಾಕೆ ನಿಂತಿದ್ದೀಯ?"

"ನೆರಳಿಗೆ," ಅಂದಳು ಸೀಟಿ.

ಆಮೇಲೆ ಎಲ್ಲ ಹೇಳಿದಳು. ಜಾಲರಿ ಮುಚ್ಚಿದ್ದು, ಇಟ್ಟಿಗೆ ಹೇರಿದ್ದು, ಜುಟ್ಟು ನೇರಳೆಯಾದದ್ದು, ಎಚ್ ಬಂದದ್ದು. ಲಂಗ ಮಾತ್ರ ಬಿಡಲಿಲ್ಲ. ಅಪ್ಪ ಟೈರಿನ ಕಡೆ ನೋಡಿದ. ಮೇಲೆ ತಗಡಿನ ಕಡೆ ನೋಡಿದ. ಆಮೇಲೆ ಬಂದು ಅವಳ ಹಿಂದೆ ನಿಂತುಕೊಂಡ.

ಅಪ್ಪನ ನೆರಳು ದೊಡ್ಡದು. ಟೈರಿನ ಜೊತೆಗೆ ಸೀಟಿಯೂ ಅದರೊಳಗೆ ಸೇರಿಕೊಂಡಳು.

"ನೀರು ಕುಡ್ಕೊಂಡು ಬಾ," ಅಂದ. "ನಾನಿರ್ತೀನಿ."

ಅವಳು ಹೋಗಲಿಲ್ಲ. "ಅಪ್ಪಾ, ಗೂಡು ಬಿಚ್ತೀಯಾ?"

ಅಪ್ಪ ಮುಖದ ಬೆವರು ಒರೆಸಿಕೊಂಡ. "ಹೋದ ವರ್ಷ ಗುಂಡಿ ತೋಡ್ದೋನು ನಾನು. ನೀನು ಬಾಗ್ಲ ಹಿಂದೆ ನಿಂತು ಅಳ್ತಾ ಇದ್ದೆ. ನಂಗೆ ಕೇಳಿಸ್ತಿತ್ತು. ಅದು ಇನ್ನೊಂದ್ಸಲ ಬೇಡ ಅಂತ ಕಣಮ್ಮ, ಬೇರೇನಿಲ್ಲ. ಪೈಪಿಗೆ ಜಾಗ ಎಲ್ಲಾದ್ರೂ ಸಿಗುತ್ತೆ." ಆಮೇಲೆ ಬಚ್ಚಲಮನೆಯ ಕಡೆ ನೋಡಿ, "ಮೊದ್ಲು ಇದು ವಾಪಸ್ ಬಂದು ಕೂರುತ್ತಾ ನೋಡೋಣ" ಅಂದ.

ಬಿಸಿಲು ಗೋಡೆಯಾಚೆ ಸರಿದ ಮೇಲೆ ಅಪ್ಪ ಕೆಲಸಕ್ಕೆ ಕೂತ. ಕಟಿಂಗ್ ಮಿಷನ್ ತಂದಿದ್ದರೆ ಕ್ಷಣದ ಕೆಲಸ. ಆದರೆ ಅದರ ಕಿರುಚಾಟಕ್ಕೆ ಕೋಳಿ ಮತ್ತೆ ಇತ್ತ ತಲೆ ಹಾಕುವುದಿಲ್ಲ ಅಂತ ತಗಡಿನ ಕತ್ತರಿಯಿಂದ ಕೈಯಲ್ಲೇ ಕತ್ತರಿಸಿದ. ಬಿಸಿಗಾಳಿ ಮೇಲೆ ಹೋಗಲೆಂದು ತಗಡಿನಲ್ಲಿ ಉದ್ದಕ್ಕೆ ಒಂದು ಕಂಡಿ ಮಾಡಿದ. ಬಿಸಿಲು ನುಗ್ಗುವ ಕಡೆ ಹೊರಗಿನಿಂದ ಒಂದು ಹಳೆಯ ಚಾಪೆಯನ್ನು ಇಳಿಬಿಟ್ಟ, ಗ್ರಿಲ್ಲಿಗೆ ಅಂಟದಂತೆ ಒಂದು ಮೊಳ ದೂರದಲ್ಲಿ, ನಡುವೆ ಗಾಳಿಯಾಡಲಿ ಅಂತ. ಅಮ್ಮ ಬಂದವಳು ವಿಷಯ ಕೇಳಿ ಮೊದಲು ಸೀಟಿಯ ಸುಟ್ಟ ಬೆರಳುಗಳನ್ನು ನೋಡಿದಳು, ಆಮೇಲೆ ಕೋಳಿಯನ್ನು. ನನ್ನ ಥರ್ಮಾಮೀಟರ್ ಎಲ್ಲಿ ಅಂತ ಚೋಟುವನ್ನು ಕೇಳಿದಳು. ಅದು ಇನ್ನೂ ಮೊಟ್ಟೆಗಳ ನಡುವೆಯೇ ಇತ್ತು.

ಬಚ್ಚಲಮನೆಯ ಬಾಗಿಲು ತೆಗೆದಾಗ ಜರತಾರಿ ಓಲಾಡುತ್ತಾ ಹೊರಗೆ ಬಂತು. ಟೈರಿನ ಕಡೆ ಹೋಗಲಿಲ್ಲ. ಕಾಳು ಕುಕ್ಕಿತು. ಮಣ್ಣಿನ ತಟ್ಟೆಯಲ್ಲಿ ನೀರು ಕುಡಿಯಿತು. ಬೂದಿ ಗುಡ್ಡೆಯಲ್ಲಿ ಹೊರಳಿತು. ಸೀಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡುತ್ತಿದ್ದಳು. ಸೀಟಿ ಹೊಡೆದರೆ ಅದು ತನ್ನ ಹತ್ತಿರ ಓಡಿಬರುತ್ತದೆ, ಮೊಟ್ಟೆಯ ಹತ್ತಿರ ಹೋಗುವುದಿಲ್ಲ. ಅದಕ್ಕೇ ಹೊಡೆಯಲಿಲ್ಲ.

ಬೆಳಕು ಮಂಕಾಗುತ್ತಾ ಬಂತು. ಜರತಾರಿ ಮೈ ಕೊಡವಿ, ಟೈರಿನ ಸುತ್ತ ಒಂದು ಸುತ್ತು ಹಾಕಿ, ಹೊಸ ಚಾಪೆಯನ್ನು ಅನುಮಾನದಿಂದ ನೋಡಿ, ಹಾರಿ ಒಳಗೆ ಇಳಿಯಿತು. ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಉರುಳಿಸಿಕೊಂಡು ಹೊಟ್ಟೆಯ ಕೆಳಗೆ ಸೇರಿಸಿತು. ಕೂತಿತು.

ಮುಂದಿನ ದಿನಗಳಲ್ಲಿ ಸೀಟಿ ಮಧ್ಯಾಹ್ನ ಬಂದವಳು ತಟ್ಟೆಯ ಬಿಸಿ ನೀರು ಚೆಲ್ಲಿ ಮಡಕೆಯ ತಣ್ಣೀರು ಹಾಕುತ್ತಿದ್ದಳು. ಚಾಪೆಗೆ ನೀರು ಚಿಮುಕಿಸುತ್ತಿದ್ದಳು. ಜರತಾರಿ ನಿಂತಿದ್ದರೆ ನಿಂತಿರಲಿ, ಕೂತಿದ್ದರೆ ಕೂತಿರಲಿ. ಒಳಗಿನ ಮರಿಗಳು ಉಳಿದಿವೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆರ್ಡರಿನ ಪೈಪುಗಳು ಬಂದವು. ಅಪ್ಪ ಅವನ್ನು ಬೀದಿ ಕಡೆಯ ಗೋಡೆಗೆ ಒರಗಿಸಿದ.

ರಜೆಯ ದಿನ ಬೆಳಿಗ್ಗೆ ಚೋಟು ಕೂಗಿಕೊಂಡ. ಜರತಾರಿಯ ರೆಕ್ಕೆಯ ಅಡಿಯಿಂದ ಒಂದು ಪುಟ್ಟ ತಲೆ ಇಣುಕಿ, ಮತ್ತೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕೆಲವು ಮೊಟ್ಟೆಗಳು ಅಲ್ಲಾಡಲಿಲ್ಲ. ಅವನ್ನು ಜರತಾರಿ ತಾನೇ ಪಕ್ಕಕ್ಕೆ ಸರಿಸಿಬಿಟ್ಟಿತ್ತು. ಸೀಟಿ ಅವನ್ನು ಸುಮ್ಮನೆ ನೋಡಿದಳು. ಅವು ಯಾವ ಮಧ್ಯಾಹ್ನ ಸುಮ್ಮನಾದವೋ ಅವಳಿಗೆ ಹೇಳಲು ಬರುವಂತಿರಲಿಲ್ಲ.

ಬಿಸಿಲೇರಿತು. ಜರತಾರಿ ಎದ್ದು ನಿಂತು ರೆಕ್ಕೆ ಬಿಚ್ಚಿತು. ಅದರ ಕಾಲುಗಳ ನಡುವೆ ಇನ್ನೂ ಒಂದು ಮೊಟ್ಟೆ. ಚಿಪ್ಪಿನಲ್ಲಿ ಸಾಸಿವೆಯಷ್ಟು ತೂತು. ತೂತಿನಲ್ಲಿ ಕೊಕ್ಕಿನ ತುದಿ ಒಮ್ಮೆ ಆಡಿತು. ಆಮೇಲೆ ನಿಂತುಹೋಯಿತು.

ಮೂವರೂ ಗೂಡಿನ ಮುಂದೆ ಕೂತಿದ್ದರು, ಅಪ್ಪ, ಸೀಟಿ, ಚೋಟು.

"ಸತ್ತೋಯ್ತಾ?" ಅಂತ ಚೋಟು ಪಿಸುಗುಟ್ಟಿದ. "ಸಿಪ್ಪೆ ಬಿಡಿಸ್ಲಾ?"

ಸೀಟಿಯ ಬೆರಳುಗಳೂ ತುರಿಸುತ್ತಿದ್ದವು. ಉಗುರು ಹಾಕಿ ಒಂದು ಚೂರು ಬಿಡಿಸಿದರೆ ಸಾಕು, ಮರಿ ಹೊರಗೆ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು.

"ಸುಸ್ತಾಗಿದೆ," ಅಂದಳು. "ಸ್ವಲ್ಪ ತಾಳು."

ತುಂಬಾ ಹೊತ್ತಾಯಿತು. ಅಪ್ಪನಿಗೇ ತಡೆಯಲಾಗಲಿಲ್ಲ. ಕಿಡಿ ಹಾರಿ ಹಾರಿ ಚುಕ್ಕೆ ಬಿದ್ದಿದ್ದ ಅವನ ದಪ್ಪ ಬೆರಳು ಗ್ರಿಲ್ಲಿನ ಸಂದಿಯಲ್ಲಿ ಮೆಲ್ಲಗೆ ಒಳಗೆ ಹೊರಟಿತು. ಸೀಟಿ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದು ಆ ಬೆರಳನ್ನು ಹಿಡಿದುಕೊಂಡಳು.

ಜರತಾರಿ ಕುತ್ತಿಗೆ ಬಗ್ಗಿಸಿ ಮೊಟ್ಟೆಯ ಹತ್ತಿರ ಏನೋ ಅಂದಿತು, ಕುರ್, ಕುರ್ ಅಂತ, ತೀರ ಸಣ್ಣಗೆ. ಒಳಗಿನಿಂದ ಅದಕ್ಕಿಂತಲೂ ಸಣ್ಣ ಉತ್ತರ ಬಂತು. ತೂತಿನ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಬಿರುಕು ಮೂಡಿತು.

ಸೀಟಿ ಅಪ್ಪನ ಬೆರಳು ಬಿಡಲಿಲ್ಲ.